ಮೆರವಣಿಗೆ ಗಾಡಿಗೆ ಆಂಪ್ಲಿಫೈಯರ್ ಕೂಡಿಸುವಾಗ ಬ್ಯಾಟರಿ ವೈರಿನ ಬಗ್ಗೆ ತಿಳಿದಿರಬೇಕಾದದ್ದು



ರಾಜ್ಯೋತ್ಸವ ಹತ್ತಿರ ಬಂತೆಂದರೆ ಕಾರ್ಯದರ್ಶಿಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ವಿಷಯದವು: "ಸರ್, ಈ ಸಲ ಮೈಕಿನ ಗಾಡಿ ಯಾರದು?" ಗಟ್ಟುವಿನಲ್ಲಿ ಒಬ್ಬರ ಬೊಲೆರೊ ಇದೆ. ಮಕ್ತಲ್‌ನಲ್ಲಿ ಒಬ್ಬರು ಟಾಟಾ ಏಸ್ ಕೊಡುತ್ತೇನೆ ಎಂದಿದ್ದಾರೆ. ಗದ್ವಾಲದ ಹುಡುಗರು ತಮ್ಮ ಕಾರಿಗೇ ಆಂಪ್ಲಿಫೈಯರ್, ದೊಡ್ಡ ಬಾಕ್ಸು ಕೂಡಿಸಿಕೊಂಡು ಬರುತ್ತಾರಂತೆ. ನಾರಾಯಣಪೇಟೆಯವರದು ಟ್ರ್ಯಾಕ್ಟರ್. ಎಲ್ಲವೂ ಸಂತೋಷದ ಸುದ್ದಿಯೇ. ಅಲಂಕಾರದ ಬಗ್ಗೆ, ಹೂವಿನ ಬಗ್ಗೆ, ಬಾವುಟದ ಬಟ್ಟೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ವೈರು ಎಷ್ಟು ದಪ್ಪ ಇರಬೇಕು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕಾಗಿ ಈ ಲೇಖನ.

ನಾನು ಕರೆಂಟಿನ ಕೆಲಸದವನಲ್ಲ, ಕಡತ ನೋಡಿಕೊಂಡು ನಿವೃತ್ತನಾದ ಗುಮಾಸ್ತ. ನಮ್ಮ ಸಂಘದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವ ಇಬ್ಬರು ಸದಸ್ಯರಿದ್ದಾರೆ. ಅವರ ಜೊತೆ ಮೂರು ಸಂಜೆ ಕೂತು, ಕೇಳಿ, ಲೆಕ್ಕ ಹಾಕಿ, ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ಲೆಕ್ಕ ಎಂದರೆ ನನಗೆ ಭಯವಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಅಂಗಡಿಗೆ ಹೋಗಿ ಕೇಳಿದರೆ "ಏನೂ ಆಗಂಗಿಲ್ಲ ಬಿಡ್ರಿ ಸರ್, ಹನ್ನೆರಡೇ ವೋಲ್ಟು" ಎನ್ನುತ್ತಾರೆ. ಅದರಲ್ಲಿ ಅರ್ಧ ನಿಜ. ಒಣಗಿದ ಕೈಯಿಂದ ಗಾಡಿಯ ಬ್ಯಾಟರಿಯ ಎರಡೂ ತುದಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಶಾಕ್ ಹೊಡೆಯುವುದು ಬೇರೆ, ಸುಡುವುದು ಬೇರೆ. ಶಾಕಿಗೆ ವೋಲ್ಟು ಬೇಕು, ಬೆಂಕಿಗೆ ಆಂಪಿಯರ್ ಸಾಕು. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಒಂದೆರಡು ಸೆಕೆಂಡಿಗೆ ನೂರಾರು ಆಂಪಿಯರ್ ಕೊಡಲೆಂದೇ ತಯಾರಾದದ್ದು. ನಮ್ಮ ಮನೆಯ ಒಂದು ಪ್ಲಗ್ ಪಾಯಿಂಟಿನಲ್ಲಿ ಹೆಚ್ಚೆಂದರೆ 16 ಆಂಪಿಯರ್ ಹರಿಯುತ್ತದೆ, ಅದಕ್ಕೂ ಗೋಡೆಯ ಮೇಲೆ ಎಂಸಿಬಿ ಇರುತ್ತದೆ. ಗಾಡಿಯ ಬ್ಯಾಟರಿಯಿಂದ ನೇರವಾಗಿ ಎಳೆದ ವೈರಿಗೆ ನಾವು ಹಾಕಿದರಷ್ಟೇ ಕಾವಲು, ಇಲ್ಲದಿದ್ದರೆ ಇಲ್ಲ.

ಒಂದು ಲೆಕ್ಕ ಕೊಡುತ್ತೇನೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರು 5 ಮೀಟರ್ ಎಳೆದಿದ್ದೀರಿ, ಅದರ ಹೊದಿಕೆ ಎಲ್ಲೋ ತೂತಿನ ಅಂಚಿಗೆ ಉಜ್ಜಿ ಹರಿದು ಬಾಡಿಗೆ ತಗುಲಿತು ಎಂದಿಟ್ಟುಕೊಳ್ಳಿ. ವೈರಿನ ತಡೆ ಸುಮಾರು 0.02 ಓಮ್, ಬ್ಯಾಟರಿಯ ಒಳಗಿನದೂ ಸೇರಿ 0.03. 12 ವೋಲ್ಟನ್ನು ಅದರಿಂದ ಭಾಗಿಸಿದರೆ 400 ಆಂಪಿಯರ್. ಆಗ ಆ ವೈರಿನ ಉದ್ದಕ್ಕೂ ಹುಟ್ಟುವ ಬಿಸಿ ಮೂರು ಸಾವಿರ ವ್ಯಾಟಿಗೂ ಮೇಲೆ. ಅಂದರೆ ಬಕೆಟಿನಲ್ಲಿ ನೀರು ಕಾಯಿಸುವ ಕಾಯಿಲ್ ಎರಡನ್ನು ನೀರಿಲ್ಲದೆ ನಿಮ್ಮ ಗಾಡಿಯ ಮ್ಯಾಟಿನ ಕೆಳಗೆ ಇಟ್ಟ ಹಾಗೆ. ಒಂದೆರಡು ಸೆಕೆಂಡಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕರಗಲು ಶುರುವಾಗುತ್ತದೆ. ಅದರ ಪಕ್ಕದಲ್ಲೇ ಡೀಸೆಲ್ ಪೈಪೋ, ಸೀಟಿನ ಫೋಮೋ, ಮೆರವಣಿಗೆಯ ಗಾಡಿಯಾದರೆ ಕಾಗದದ ತೋರಣ, ಥರ್ಮೋಕೋಲ್, ಒಣಹುಲ್ಲು ಇರುತ್ತವೆ.

ಇದು ಕಲ್ಪನೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೇ ಒಂದು ಮೆರವಣಿಗೆಗೆ ಬಾಡಿಗೆಗೆ ಬಂದ ಗಾಡಿಯಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಡ್ರೈವರ್ ಸೀಟಿನ ಕೆಳಗಿನಿಂದ ಹೊಗೆ. ಹಿಂದೆ ವೇಷ ಹಾಕಿದ ಆರು ಮಕ್ಕಳಿದ್ದರು. ದೊಡ್ಡವರು ಎತ್ತಿ ಇಳಿಸಿದರು. ಡ್ರೈವರ್ ಹುಡುಗ ಬಾನೆಟ್ ತೆಗೆದು ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಕಿತ್ತ, ಅಂಗೈ ಸುಟ್ಟಿತು. ಬೆಂಕಿ ಹತ್ತಲಿಲ್ಲ. ಆಮೇಲೆ ನೋಡಿದರೆ ಆ ಗಾಡಿಯಲ್ಲಿ ಫ್ಯೂಸ್ ಇತ್ತು! ಆದರೆ ಅದು ಹಿಂದೆ, ಆಂಪ್ಲಿಫೈಯರಿನ ಹತ್ತಿರ ಇತ್ತು. ವೈರು ಬಾಡಿಗೆ ತಗುಲಿದ್ದು ಮುಂದೆ, ಇಂಜಿನ್ ಮತ್ತು ಡ್ರೈವರ್ ಸೀಟಿನ ನಡುವೆ. ಕರೆಂಟು ಫ್ಯೂಸಿನವರೆಗೆ ಹೋಗುವ ಪ್ರಮೇಯವೇ ಬರಲಿಲ್ಲ, ದಾರಿಯಲ್ಲೇ ಇಳಿದುಹೋಯಿತು. ಫ್ಯೂಸ್ ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಹಾಗಾಗಿ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಫ್ಯೂಸ್ ಬ್ಯಾಟರಿಯ ಹತ್ತಿರ ಇರಬೇಕು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದೂವರೆ ಅಡಿಯೊಳಗೆ, ಹತ್ತಿರವಾದಷ್ಟೂ ಒಳ್ಳೆಯದು. ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸಲು ಎಂದು ಬಹಳ ಜನ ತಿಳಿದಿದ್ದಾರೆ. ಆಂಪ್ಲಿಫೈಯರಿಗೆ ಅದರ ಮೈಯಲ್ಲೇ ಬೇರೆ ಫ್ಯೂಸ್ ಇರುತ್ತದೆ. ಬ್ಯಾಟರಿಯ ಹತ್ತಿರದ ಫ್ಯೂಸ್ ವೈರನ್ನು ಕಾಯಲು, ಅಂದರೆ ಗಾಡಿಯನ್ನು ಕಾಯಲು. ನಮ್ಮ ಕಡೆ ಹೊಲಕ್ಕೆ ಕಾವಲು ಹಾಕುವವರು ದನ ನುಗ್ಗುವ ದಾರಿಯ ಬಾಯಲ್ಲಿ ಹಾಕುತ್ತಾರೆ, ಹೊಲದ ಆ ಕಡೆಯ ಬದುವಿನಲ್ಲಿ ಅಲ್ಲ.

ಆಂಪ್ಲಿಫೈಯರ್ ನಿಜವಾಗಿ ಎಷ್ಟು ತಿನ್ನುತ್ತದೆ?

ಡಬ್ಬಿಯ ಮೇಲೆ "2000 ವ್ಯಾಟ್", "3500 ವ್ಯಾಟ್" ಎಂದು ಬಂಗಾರದ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಆಂಪ್ಲಿಫೈಯರಿನ ಹಿಂದೆ ಅಥವಾ ಪಕ್ಕದಲ್ಲಿ ಬಣ್ಣದ ಪ್ಲಾಸ್ಟಿಕ್ ಫ್ಯೂಸುಗಳಿರುತ್ತವೆ, ಅವುಗಳ ಮೇಲಿನ ಅಂಕಿ ಕೂಡಿಸಿ. 30ರವು ಎರಡು ಇದ್ದರೆ 60 ಆಂಪಿಯರ್. 60 ಆಂಪಿಯರನ್ನು 12 ವೋಲ್ಟಿನಿಂದ ಗುಣಿಸಿದರೆ 720 ವ್ಯಾಟ್. ಒಳಗೆ ಹೋಗುವುದೇ ಇಷ್ಟು. ಅದರಲ್ಲೂ ಹಳೆಯ ಮಾದರಿಯ ಆಂಪ್ಲಿಫೈಯರಾದರೆ ಅರ್ಧದ ಹತ್ತಿರ ಬಿಸಿಯಾಗಿ ಹೋಗುತ್ತದೆ, ಹೊಸ ಕ್ಲಾಸ್ ಡಿ ಮಾದರಿಯಾದರೆ ಐದರಲ್ಲಿ ನಾಲ್ಕು ಪಾಲು ಸದ್ದಾಗಿ ಹೊರಗೆ ಬಂದೀತು. ಜಮೆ 720 ಇರುವಾಗ ಖರ್ಚು 2000 ತೋರಿಸಿದರೆ ಯಾವ ಆಡಿಟರೂ ಒಪ್ಪುವುದಿಲ್ಲ. ನಮಗೆ ಬೇಕಾದದ್ದು ಆ 60 ಎಂಬ ಅಂಕಿ ಮಾತ್ರ. ವೈರು, ಫ್ಯೂಸ್ ಎರಡೂ ಅದರ ಮೇಲೆ ನಿಂತಿವೆ.

ನಮ್ಮ ಸಭೆಗಳಿಗೆ ಬರುವ ಅಹುಜಾ ತರಹದ ಮೈಕ್ ಸೆಟ್ಟಿನ ಆಂಪ್ಲಿಫೈಯರುಗಳು ಇಷ್ಟು ತಿನ್ನುವುದಿಲ್ಲ. ಅವುಗಳಲ್ಲಿ ಅನೇಕವಕ್ಕೆ ಮನೆಯ ಕರೆಂಟೂ ಆಗುತ್ತದೆ, 12 ವೋಲ್ಟ್ ಬ್ಯಾಟರಿಯೂ ಆಗುತ್ತದೆ. ಎರಡು ಹಾರ್ನ್ ಕಟ್ಟಿ ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಪ್ರಕಟಣೆ ಕೊಡಲು ಅದೇ ಸಾಕು, ಅದೇ ಚೆನ್ನ ಎಂಬುದು ನನ್ನ ಸ್ವಂತ ಅಭಿಪ್ರಾಯ. ಎದೆ ನಡುಗಿಸುವ ಬಾಕ್ಸಿನಲ್ಲಿ ಯಾವ ಭಾಷೆಯ ಹಾಡೆಂಬುದೇ ತಿಳಿಯುವುದಿಲ್ಲ. ಹುಡುಗರು ಒಪ್ಪುವುದಿಲ್ಲ, ಗೊತ್ತು. ಒಂದು ಎಚ್ಚರಿಕೆ ಮಾತ್ರ: ಇಂಥ ಮೈಕ್ ಆಂಪ್ಲಿಫೈಯರಿನ ಹಿಂದೆ 100 ವೋಲ್ಟ್ ಲೈನ್ ಎಂಬ ತುದಿ ಇರುತ್ತದೆ. ಒಳಗೆ 12 ವೋಲ್ಟೇ ಹೋದರೂ ಜೋರಾಗಿ ಮಾತಾಡುತ್ತಿರುವಾಗ ಆ ತುದಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಸೆಟ್ ಆಫ್ ಮಾಡದೆ ಹಾರ್ನಿನ ವೈರು ಬದಲಿಸಬೇಡಿ.

ವೈರಿನ ದಪ್ಪಕ್ಕೆ ನಮ್ಮವರು ಹೇಳಿದ ಜಾಗ್ರತೆಯ ಲೆಕ್ಕ ಹೀಗಿದೆ. ಗಾಡಿಯ ಮುಂದಿನಿಂದ ಹಿಂದಕ್ಕೆ 5 ಮೀಟರ್ ಎಂದಿಟ್ಟುಕೊಂಡರೆ, 30 ಆಂಪಿಯರಿನ ಆಂಪ್ಲಿಫೈಯರಿಗೆ 10 ಸ್ಕ್ವೇರ್ ಎಂಎಂ, 60 ಆಂಪಿಯರಿಗೆ 16, 100 ಆಂಪಿಯರಿಗೆ 35. ನೆಗೆಟಿವ್ ವೈರಿಗೂ ಅಷ್ಟೇ ದಪ್ಪ. ಹೋದ ಕರೆಂಟೆಲ್ಲ ಅದರಲ್ಲೇ ವಾಪಸ್ ಬರಬೇಕಲ್ಲ. ಬ್ಯಾಟರಿ ಬಳಿಯ ಫ್ಯೂಸ್ 10ರ ವೈರಿಗೆ 60 ಆಂಪಿಯರ್ ಮೀರಬಾರದು, 16ರ ವೈರಿಗೆ 80 ಮೀರಬಾರದು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು 60ರ ಜಾಗಕ್ಕೆ 150 ಹಾಕುವುದು, ಅದೂ ಸಿಗದಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ಕಾವಲುಗಾರನಿಗೆ ನಿದ್ದೆಗುಳಿಗೆ ಕೊಟ್ಟಂತೆ. ಫ್ಯೂಸ್ ಹೋಯಿತೆಂದರೆ ಎಲ್ಲೋ ಏನೋ ಹೇಳುತ್ತಿದೆ, ಅದನ್ನು ಹುಡುಕಬೇಕು.

ತೆಳು ವೈರಿನಿಂದ ಬೆಂಕಿಯಷ್ಟೇ ಅಲ್ಲ, ಸದ್ದೂ ಕೆಡುತ್ತದೆ. 4 ಸ್ಕ್ವೇರ್ ವೈರಿನಲ್ಲಿ 40 ಆಂಪಿಯರ್ ಹರಿದರೆ 5 ಮೀಟರಿನಲ್ಲಿ ಮುಕ್ಕಾಲು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಗುತ್ತದೆ. 16ರಲ್ಲಿ ಕಾಲು ವೋಲ್ಟಿಗೂ ಕಡಿಮೆ. ಹುಡುಗರಿಗೆ ಸುರಕ್ಷತೆಯ ಮಾತು ಹೇಳಿದರೆ ಕೇಳದಿರಬಹುದು, ಬೇಸ್ ಚೆನ್ನಾಗಿ ಬರುತ್ತದೆ ಎಂದು ಹೇಳಿ ನೋಡಿ.

ಕೊಳ್ಳುವಾಗ ಅಂಗಡಿಯಲ್ಲಿ "ಗೇಜ್" ಹೇಳಬೇಡಿ. ಗೇಜಿನಲ್ಲಿ ಎರಡು ಮೂರು ಪದ್ಧತಿಗಳಿವೆ, ಅಂಕಿ ಒಂದೇ ಆದರೂ ದಪ್ಪ ಬೇರೆ. ರಾಯಚೂರಿನಲ್ಲಿ ಕನ್ನಡದಲ್ಲಿ ಕೇಳಿದರೂ ಗದ್ವಾಲದಲ್ಲಿ ತೆಲುಗಿನಲ್ಲಿ ಕೇಳಿದರೂ "ಇಷ್ಟು ಸ್ಕ್ವೇರ್ ಎಂಎಂ" ಎಂದರೆ ತಕರಾರಿಲ್ಲ. ಇನ್ನೊಂದು ಮೋಸ ಇದೆ. ಪೆಟ್ಟಿಗೆಯಲ್ಲಿ ಸೆಟ್ ಎಂದು ಬರುವ ಕೆಂಪು ಕಪ್ಪು ದಪ್ಪ ವೈರುಗಳಲ್ಲಿ ಬಹಳಷ್ಟು ಅಪ್ಪಟ ತಾಮ್ರವಲ್ಲ, ಅಲ್ಯುಮಿನಿಯಂ ಎಳೆಗೆ ಮೇಲೆ ತಾಮ್ರದ ಲೇಪ. ಅಲ್ಯುಮಿನಿಯಂ ಕರೆಂಟು ಒಯ್ಯುವುದು ತಾಮ್ರದ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ಲೇಪದ ವೈರು. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ, ದಪ್ಪ ಇದ್ದು ಹಗುರ ಇರುತ್ತದೆ. ಅದನ್ನೇ ಹಾಕುವುದಿದ್ದರೆ ಮೇಲೆ ಹೇಳಿದ್ದಕ್ಕಿಂತ ಒಂದು ಅಳತೆ ದಪ್ಪ ತೆಗೆದುಕೊಳ್ಳಬೇಕು, ಫ್ಯೂಸನ್ನು ಹೆಚ್ಚಿಸಬಾರದು. ಕೆಲವರು ಮನೆಗೆ ಹಾಕುವ ಗಟ್ಟಿ ಎಳೆಯ ವೈರು ತರುತ್ತಾರೆ. ಗಾಡಿ ಸದಾ ಅದುರುತ್ತದೆ, ಗಟ್ಟಿ ಎಳೆ ಬಾಗಿ ಬಾಗಿ ಮುರಿಯುತ್ತದೆ. ಸಣ್ಣ ಎಳೆಗಳ ಮೆತ್ತನೆಯ ವೈರೇ ಬೇಕು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಇಂಜಿನ್ ಪಕ್ಕದ ಬಿಸಿ ಅದರ ಮೇಲೆ. 105 ಡಿಗ್ರಿ ತಡೆಯುವ ಹೊದಿಕೆ ಎಂದು ಬರೆದದ್ದನ್ನು ಕೇಳಿ.

ಕೆಲಸ ಶುರು ಮಾಡುವಾಗ

ಕೈಯ ಉಂಗುರ, ಕಡಗ, ಸ್ಟೀಲ್ ಪಟ್ಟಿಯ ವಾಚು ಮೊದಲು ತೆಗೆದಿಡಿ. ಉಂಗುರದ ಬೆರಳು ಪಾನಾಕ್ಕೂ ಬಾಡಿಗೂ ನಡುವೆ ಸಿಕ್ಕರೆ ಉಂಗುರ ಕ್ಷಣದಲ್ಲಿ ಕೆಂಪಾಗುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಅದರಿಂದ ಜಲಜನಕ ಬರುತ್ತದೆ, ಕಿಡಿ ಬಿದ್ದರೆ ಸಿಡಿಯುತ್ತದೆ. ಬೀಡಿ ಸಿಗರೇಟು ದೂರ.

ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಇದಕ್ಕೆ ಕಾರಣ ಸರಳ. ಗಾಡಿಯ ಇಡೀ ಕಬ್ಬಿಣ ನೆಗೆಟಿವ್‌ಗೆ ಸೇರಿದ್ದು. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಪಾನಾದ ಇನ್ನೊಂದು ತುದಿ ಬಾಡಿಗೆ ತಗುಲಿತೋ, ನೇರ ಶಾರ್ಟ್. ನೆಗೆಟಿವ್ ಬಿಚ್ಚಿದ ಮೇಲೆ ಬಾಡಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ, ಪಾನಾ ಎಲ್ಲಿ ತಗುಲಿದರೂ ಏನೂ ಆಗುವುದಿಲ್ಲ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರೂ ಅವಸರದಲ್ಲಿ ಇದನ್ನು ತಪ್ಪುತ್ತಾರೆ ಎಂದು ನಮ್ಮ ಸದಸ್ಯರೇ ಹೇಳಿದರು.

ಲಾರಿ, ಬಸ್ಸು ಇದ್ದರೆ ಇಲ್ಲೇ ನಿಲ್ಲಿ. ಅವುಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿದ್ದು 24 ವೋಲ್ಟ್ ಇರುತ್ತದೆ. 12ರ ಆಂಪ್ಲಿಫೈಯರ್ ಕೂಡಿಸಿದರೆ ಅಲ್ಲೇ ಮುಗಿಯಿತು. ಜಾಣತನ ಮಾಡಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕು, ಇಲ್ಲವೇ ಆಂಪ್ಲಿಫೈಯರಿಗೇ ಬೇರೆ ಬ್ಯಾಟರಿ ಇಡಬೇಕು.

ಅತ್ಯಂತ ಹೆಚ್ಚು ಸಮಯ ಕೊಡಬೇಕಾದ ಭಾಗ ವೈರು ಹಾದುಹೋಗುವ ದಾರಿ. ಇಂಜಿನ್ ಭಾಗದಿಂದ ಒಳಗೆ ಬರುವ ತಗಡಿನ ಗೋಡೆಯಲ್ಲಿ ತೂತು ಇರುತ್ತದೆ. ಕಂಪನಿಯೇ ಬಿಟ್ಟ ತೂತಿನಲ್ಲಿ ರಬ್ಬರ್ ಬುಷ್ ಇದ್ದರೆ ಅದರಲ್ಲೇ ಜಾಗ ನೋಡಿ. ಹೊಸ ತೂತು ಕೊರೆಯಲೇಬೇಕಾದರೆ ಆ ಕಡೆ ಏನಿದೆ ಎಂದು ಎರಡು ಕಡೆಯಿಂದಲೂ ನೋಡಿ ಕೊರೆಯಿರಿ. ಬ್ರೇಕ್ ಪೈಪು, ಡೀಸೆಲ್ ಪೈಪು, ಗಾಡಿಯ ಮೂಲ ವೈರಿನ ಕಟ್ಟು ಅಲ್ಲೇ ಇರುತ್ತವೆ. ಕೊರೆದ ತಗಡಿನ ಅಂಚು ಕುಡುಗೋಲಿನಷ್ಟು ಹರಿತ. ರಬ್ಬರ್ ಬುಷ್ ಇಲ್ಲದೆ ವೈರು ತೂರಿಸಬಾರದು. ಬುಷ್ ಬೆಲೆ ಕೆಲವು ರೂಪಾಯಿ. ಮೇಲೆ ಹೇಳಿದ ಹೊಗೆಯ ಪ್ರಸಂಗದಲ್ಲಿ ಇದೊಂದು ಇದ್ದಿದ್ದರೆ ವೈರು ಹರಿಯುತ್ತಲೇ ಇರಲಿಲ್ಲ. ಬುಷ್ ಇದ್ದರೂ ವೈರಿನ ಮೇಲೆ ಸುರುಳಿ ಪ್ಲಾಸ್ಟಿಕ್ ಕೊಳವೆ ಹಾಕಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ, ಕ್ಲಚ್ಚು ಬ್ರೇಕು ತುಳಿಯುವ ಜಾಗದಲ್ಲಿ ಜೋತು ಬೀಳದಂತೆ ನೋಡಿ. ಬಾಗಿಲ ಪಟ್ಟಿಯ ಕೆಳಗೆ ಎಳೆಯುವುದು ಒಳ್ಳೆಯ ದಾರಿ. ಕಾರುಗಳಲ್ಲಿ ಹಳದಿ ಹೊದಿಕೆಯ ವೈರು ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಬೇಡಿ, ಅದಕ್ಕೆ ಕಟ್ಟಬೇಡಿ. ಹಾಡಿನ ಸಿಗ್ನಲ್ ವೈರನ್ನು ಗಾಡಿಯ ಇನ್ನೊಂದು ಬದಿಯಲ್ಲಿ ಎಳೆಯಿರಿ, ಇಲ್ಲದಿದ್ದರೆ ಎಕ್ಸಲೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಜೀರುಂಡೆ ಕೂಗುತ್ತದೆ. ಅಪಾಯವಿಲ್ಲ, ಕಿರಿಕಿರಿ ಅಷ್ಟೇ.

ನೆಗೆಟಿವ್ ವೈರು ಚಿಕ್ಕದಿರಲಿ, ಒಂದೂವರೆ ಅಡಿಯೊಳಗೆ ಬಾಡಿಗೆ ಸೇರಲಿ. ಸೇರುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಕಬ್ಬಿಣ ಕಾಣಿಸಬೇಕು. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಕರೆಂಟು ಬೋಲ್ಟಿನ ಎರಡು ಎಳೆಯ ಮೇಲೆ ನಿಂತಿರುತ್ತದೆ, ಬಿಸಿಯಾಗುತ್ತದೆ. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ಥ್ ಕೊಡಬೇಡಿ. ಅದರ ಕೆಲಸ ಬೇರೆ. ಟ್ರ್ಯಾಕ್ಟರಿನ ಟ್ರೇಲರಿಗೆ ಕೊಂಡಿಯ ಮೂಲಕ ಅರ್ಥ್ ಸಿಗುತ್ತದೆ ಎಂದು ನಂಬಬಾರದು. ಮಣ್ಣು, ಗ್ರೀಸು, ತುಕ್ಕು ಎಲ್ಲ ನಡುವೆ ಇರುತ್ತದೆ, ಗಾಡಿ ಕುಲುಕಿದಂತೆಲ್ಲ ಕಿಡಿ. ಅಲ್ಲಿ ನೆಗೆಟಿವ್ ವೈರನ್ನೂ ಬ್ಯಾಟರಿಯಿಂದಲೇ ಎಳೆಯಬೇಕು.

ತುದಿಗಳಿಗೆ ತಿಂಬಲ್ ಹಾಕಿ ಪ್ರೆಸ್ ಮಾಡಿಸಬೇಕು. ಎಳೆ ತಿರುಚಿ ಬೋಲ್ಟಿಗೆ ಸುತ್ತಿ ಟೇಪು ಹಚ್ಚುವುದು ನಮ್ಮ ಊರುಗಳ ಹಳೆಯ ರೋಗ. ಹಾಗೆಯೇ ಸಿಗರೇಟ್ ಲೈಟರ್ ತೂತಿನಿಂದಲೋ ಹೆಡ್‌ಲೈಟಿನ ವೈರಿನಿಂದಲೋ ಆಂಪ್ಲಿಫೈಯರಿಗೆ ಕರೆಂಟು ತೆಗೆಯುವುದು. ಆ ವೈರುಗಳು ಹತ್ತು ಹದಿನೈದು ಆಂಪಿಯರಿಗೆ ಹಾಕಿದವು. ಮೊಬೈಲ್ ಚಾರ್ಜಿಗೆ ಸರಿ.

ಎಲ್ಲ ಕಟ್ಟಿ ಮುಗಿಯುವವರೆಗೆ ಫ್ಯೂಸನ್ನು ಅದರ ಡಬ್ಬಿಯಿಂದ ಹೊರಗೆ, ಕಿಸೆಯಲ್ಲಿ ಇಟ್ಟುಕೊಂಡಿರಿ. ಆಂಪ್ಲಿಫೈಯರ್ ಕಡೆಯ ಪಾಸಿಟಿವ್ ನೆಗೆಟಿವ್ ಅದಲುಬದಲಾಗಿಲ್ಲ ಎಂದು ಇನ್ನೊಬ್ಬರ ಕಣ್ಣಿಂದ ನೋಡಿಸಿ, ಬ್ಯಾಟರಿಯ ಪಾಸಿಟಿವ್, ನಂತರ ನೆಗೆಟಿವ್ ಬಿಗಿದು, ಕೊನೆಗೆ ಫ್ಯೂಸ್ ಕೂಡಿಸಿ. ಹದಿನೈದು ನಿಮಿಷ ಜೋರಾಗಿ ಹಾಡು ಹಾಕಿ, ಆಮೇಲೆ ವೈರಿನ ಉದ್ದಕ್ಕೂ, ಪ್ರತಿ ಜೋಡಣೆಯ ಹೊದಿಕೆಯ ಮೇಲೂ ಕೈ ಇಟ್ಟು ನೋಡಿ. ಉಗುರುಬೆಚ್ಚಗೆ ಇರಬಹುದು, ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಆ ಜೋಡಣೆ ಸರಿಯಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಹಾಡು ನಡೆಯುವಾಗ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಆಂಪ್ಲಿಫೈಯರಿನ ತುದಿಗಳಲ್ಲಿ ಒಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಬಾರದು.

ಮೆರವಣಿಗೆಯಲ್ಲಿ ಬ್ಯಾಟರಿ ಏಕೆ ಇಳಿಯುತ್ತದೆ

"ಇಂಜಿನ್ ಚಾಲೂ ಇದ್ದರೂ ಬ್ಯಾಟರಿ ಹೋಯಿತು" ಎಂಬ ದೂರು ಪ್ರತಿ ವರ್ಷ ಇದೆ. ಗಾಡಿಯ ಡೈನಮೊ ಪೂರ್ತಿ ಕರೆಂಟು ಕೊಡುವುದು ಇಂಜಿನ್ ವೇಗವಾಗಿ ತಿರುಗುವಾಗ. ಮೆರವಣಿಗೆಯಲ್ಲಿ ಗಾಡಿ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತದೆ, ಇಂಜಿನ್ ನಿಧಾನ. ಆಗ ಡೈನಮೊ ತನ್ನ ಶಕ್ತಿಯ ಅರ್ಧವನ್ನೂ ಕೊಡಲಾರದು. ಅದರಲ್ಲಿ ಲೈಟು, ಫ್ಯಾನು, ಗಾಡಿಯ ಸ್ವಂತ ಖರ್ಚು ಕಳೆದು ಉಳಿದದ್ದು ಆಂಪ್ಲಿಫೈಯರಿಗೆ. ಸಾಲದೆ ಬಿದ್ದದ್ದನ್ನು ಬ್ಯಾಟರಿ ತುಂಬುತ್ತದೆ. ಇಂಜಿನ್ ಆಫ್ ಮಾಡಿದರಂತೂ ಪೂರಾ ಬ್ಯಾಟರಿಯದೇ. 80 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು ಎಂದಿಟ್ಟುಕೊಂಡರೆ, ಸರಾಸರಿ 20 ಆಂಪಿಯರ್ ತಿನ್ನುವ ಸೆಟ್ಟು ಎರಡು ಗಂಟೆ ನಡೆಯುತ್ತದೆ. ಅದೂ ಬ್ಯಾಟರಿ ಹೊಸದಿದ್ದರೆ. ವಿಶ್ರಾಂತಿಯಲ್ಲಿದ್ದಾಗ ಮೀಟರ್ 12.6 ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ, 12ಕ್ಕೆ ಬಂದರೆ ಗಾಡಿ ತಳ್ಳುವ ಜನ ಹುಡುಕಿಕೊಳ್ಳಿ.

ಬ್ಯಾಟರಿ ಸಾಲದು ಎಂದು ಗಾಡಿಯ ಮೇಲೆ ಜನರೇಟರ್ ಇಡುವವರು ಈಗ ಹೆಚ್ಚು. ಇಲ್ಲಿ ವಿಷಯ ಪೂರ್ತಿ ಬದಲಾಗುತ್ತದೆ, ಏಕೆಂದರೆ ಅದು 230 ವೋಲ್ಟ್. ಕಬ್ಬಿಣದ ಗಾಡಿ ರಬ್ಬರ್ ಟಯರಿನ ಮೇಲೆ ನಿಂತಿರುತ್ತದೆ. ಜನರೇಟರಿನ ವೈರು ಎಲ್ಲಾದರೂ ಹರಿದು ಬಾಡಿಗೆ ತಗುಲಿದರೆ ಇಡೀ ಗಾಡಿಯೇ ಜೀವಂತ ತಂತಿಯಾದರೂ ಹೊರಗೆ ಏನೂ ಕಾಣುವುದಿಲ್ಲ. 2022ರ ಜುಲೈ 31ರ ರಾತ್ರಿ ಪಶ್ಚಿಮ ಬಂಗಾಳದ ಕೂಚ್ ಬಿಹಾರ್ ಜಿಲ್ಲೆಯಲ್ಲಿ ಜಲ್ಪೇಶ್ ದೇವಸ್ಥಾನಕ್ಕೆ ಹೊರಟಿದ್ದ ಪಿಕಪ್ ಗಾಡಿಯಲ್ಲಿ 10 ಯಾತ್ರಿಕರು ಕರೆಂಟು ಹೊಡೆದು ಸತ್ತರು. ಗಾಡಿಯ ಹಿಂದೆ ಡಿಜೆಗೆಂದು ಇಟ್ಟಿದ್ದ ಜನರೇಟರಿನ ವೈರಿಂಗೇ ಕಾರಣವಿರಬೇಕು ಎಂದು ಪೊಲೀಸರು ಪ್ರಾಥಮಿಕವಾಗಿ ಹೇಳಿದರು. 2024ರ ಆಗಸ್ಟಿನಲ್ಲಿ ಬಿಹಾರದ ಹಾಜಿಪುರದ ಬಳಿ ಯಾತ್ರಿಕರ ಡಿಜೆ ಗಾಡಿ ಮೇಲಿನ 11,000 ವೋಲ್ಟ್ ತಂತಿಗೆ ತಗುಲಿ 9 ಜನ ಹೋದರು. ನಮ್ಮ ಹಳ್ಳಿ ರಸ್ತೆಗಳಲ್ಲಿ ಜೋತು ಬಿದ್ದ ತಂತಿಗಳು ಎಲ್ಲಿವೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಾಕ್ಸಿನ ಮೇಲೆ ಬಾಕ್ಸು, ಅದರ ಮೇಲೆ ಬಾವುಟದ ಕಬ್ಬಿಣದ ಕೋಲು, ಅದನ್ನು ಹಿಡಿದ ಹುಡುಗ. ಈ ಸಲ ಬಾವುಟಕ್ಕೆ ಬಿದಿರಿನ ಕೋಲೇ, ಅದೂ ಒಣಗಿದ್ದು. ಮತ್ತು ಗಾಡಿಯ ಮೇಲೆ ಜನರೇಟರ್ ಬೇಡ ಎಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿದೆ.

ಧ್ವನಿವರ್ಧಕದ ಅನುಮತಿಯ ಬಗ್ಗೆ ಎರಡೇ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಅರ್ಜಿಯನ್ನು ಸಂಘದಿಂದಲೇ ಕೊಡುತ್ತೇವೆ, ನಿಮ್ಮ ನಿಮ್ಮ ಊರಿನ ಗಾಡಿಯ ನಂಬರ್ ಮುಂಚಿತವಾಗಿ ಕಳಿಸಿ. ಒಂದು ಗಾಡಿಗೆ ಬೆಂಕಿ ತಗುಲಿದರೆ ಮುಂದಿನ ವರ್ಷ ಯಾವ ಅಧಿಕಾರಿಯೂ ನಮ್ಮ ಅರ್ಜಿಯನ್ನು ಓದಲಾರರು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ಅಲ್ಲಿನವರು ಏಕೀಕರಣದ ಹಬ್ಬ ಮಾಡುತ್ತಿದ್ದ ದಿನವೇ ನಾವು ಈಚೆ ಉಳಿದೆವು. ಅಂಥ ದಿನದಂದು ಇಲ್ಲಿನ ಬೀದಿಯಲ್ಲಿ ಕನ್ನಡದ ದನಿ ಕೇಳಿಸಲು ಪ್ರತಿ ವರ್ಷ ಅನುಮತಿ ಸಿಗುತ್ತಿರುವುದು ನಾವು ಗಲಾಟೆಯಿಲ್ಲದೆ ನಡೆದುಕೊಂಡಿದ್ದರಿಂದ.

ಹೊಗೆ ಕಂಡರೆ ಏನು ಮಾಡಬೇಕು ಎಂಬುದನ್ನು ಡ್ರೈವರಿಗೆ ಬಾಯಿಪಾಠ ಮಾಡಿಸಿ. ಇಂಜಿನ್ ಆಫ್, ಜನ ದೂರ, ಆಮೇಲೆ ಕರೆಂಟು ಕಡಿತ. ಅದಕ್ಕೆ ಬ್ಯಾಟರಿಯ ನೆಗೆಟಿವ್ ವೈರಿಗೆ ಕೈಯಲ್ಲಿ ತಿರುಗಿಸುವ ಕಟ್-ಆಫ್ ಸ್ವಿಚ್ ಹಾಕಿಸಿದರೆ ಬರಿಗೈಯಲ್ಲಿ ಕೀಳುವ ಪ್ರಸಂಗ ಬರುವುದಿಲ್ಲ. ಬಾನೆಟ್ ಒಳಗೆ ಉರಿ ಕಂಡರೆ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಭಗ್ಗನೆ ಹತ್ತುತ್ತದೆ. ಸಂದಿನಿಂದ ಪುಡಿ ಸಿಲಿಂಡರ್ ಬಿಡಿ. ಡೀಸೆಲ್ ಉರಿಗೆ ಬಕೆಟಿನ ನೀರು ಎರಚಬಾರದು. 101 ಅಥವಾ 112ಕ್ಕೆ ಫೋನ್ ಮಾಡಿ.

ಈ ವರ್ಷದ ವ್ಯವಸ್ಥೆ: ಅಕ್ಟೋಬರ್ 31ರ ಸಂಜೆ 4 ಗಂಟೆಗೆ ಮೆರವಣಿಗೆಯ ಎಲ್ಲ ಗಾಡಿಗಳನ್ನು ಆಯಾ ಊರಿನ ಸಂಚಾಲಕರ ಮನೆ ಮುಂದೆ ತರಬೇಕು. ಅಲಂಕಾರ ಮಾಡುವ ಮೊದಲೇ ತರಬೇಕು, ಹೂವು ತೋರಣ ಕಟ್ಟಿದ ಮೇಲೆ ವೈರು ಕಾಣುವುದಿಲ್ಲ. ನಮ್ಮ ಇಬ್ಬರು ಸದಸ್ಯರು ಗಟ್ಟು ಮತ್ತು ಗದ್ವಾಲದಲ್ಲಿ ಖುದ್ದಾಗಿ ನೋಡುತ್ತಾರೆ. ಮಕ್ತಲ್, ನಾರಾಯಣಪೇಟೆಯವರು ಫ್ಯೂಸ್, ತಗಡಿನ ತೂತು, ಅರ್ಥ್ ಬೋಲ್ಟ್ ಈ ಮೂರರ ಫೋಟೋ ತೆಗೆದು ಗುಂಪಿನಲ್ಲಿ ಹಾಕಬೇಕು. ರಬ್ಬರ್ ಬುಷ್, ತಿಂಬಲ್, ಬಿಡಿ ಫ್ಯೂಸುಗಳ ಖರ್ಚನ್ನು ರಸೀದಿ ತೋರಿಸಿದರೆ ಸಂಘದಿಂದ ಕೊಡಲಾಗುವುದು. ರಸೀದಿ ಇಲ್ಲದಿದ್ದರೆ ಕೊಡಲಾಗುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ವೇಷದ ಮಕ್ಕಳು ಈ ಸಲ ಆಂಪ್ಲಿಫೈಯರ್ ಇರುವ ಗಾಡಿಯಲ್ಲಿ ಕೂಡುವುದಿಲ್ಲ, ಅದರ ಮುಂದೆ ನಡೆದು ಬರುತ್ತಾರೆ. ಬಿಸಿಲಿಗೆ ಟೋಪಿ, ನೀರಿನ ಬಾಟಲಿ ಪೋಷಕರೇ ಕಳಿಸಬೇಕು.

ಕಾರ್ಯದರ್ಶಿ, ಗಟ್ಟು